ಓಗೊಡದ ಮೂರು ಕರೆಗಳು

"ನಿಮ್ಮ ಚಿಪ್‌ಗೆ ಕಿವುಡು ಕಣ್ರೀ!"

ಅವಳು ಅವನೊಂದಿಗೆ ಆಡಿದ ಮೊದಲ ಮಾತೇ ಅದು. ಬೇರೆ ಶಾಖೆಯಿಂದ ಆಗಷ್ಟೇ ಬಂದು ಪ್ರಯೋಗಶಾಲೆಯ ಬಾಗಿಲಲ್ಲಿ ನಿಂತಿದ್ದ ಅವನು, ತನ್ನ ಹಿಂದೆ ಬೇರೆ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿದ.

"ನಿಮಗೇ ಹೇಳ್ತಿರೋದು..."

"ಎಷ್ಟು ಕಿವುಡು?" ಎಂದ ಮೆಲ್ಲಗೆ.

"ನೂರು ಸಲ ಕರೆದ್ರೆ ತೊಂಬತ್ತೇಳು ಸಲ ಮಾತ್ರ ಓಗೊಡುತ್ತೆ."

ಮೇಜಿನ ಮೇಲಿದ್ದದ್ದು ಕಿವಿ ಮಂದವಾದವರಿಗಾಗಿ ಮಾಡುತ್ತಿದ್ದ ಪುಟ್ಟ ಪೆಟ್ಟಿಗೆ. ಅದರೊಳಗೆ ಎರಡು ಚಿಪ್. ಅಪ್ಪಣೆ ಕೊಡುವ ಯಜಮಾನ ಚಿಪ್‌ನ ಪ್ರೋಗ್ರಾಮ್ ಅವಳದು. ಗದ್ದಲ ಸೋಸಿ ಮಾತನ್ನು ತಿಳಿಯಾಗಿಸುವ ಸಿಗ್ನಲ್ ಚಿಪ್‌ನ ಪ್ರೋಗ್ರಾಮ್ ಅವನದು. ಹೊಸ ಕೆಲಸ ಬಂದಾಗ ಯಜಮಾನ ಚಿಪ್ ರಿಜಿಸ್ಟರ್ ಎಂಬ ಪುಟ್ಟ ನೆನಪಿನ ಮನೆಯಲ್ಲಿ 'ಒಂದು' ಎಂದು ಬರೆಯುತ್ತದೆ. ಅದೇ ಇಂಟರಪ್ಟ್, ಅಂದರೆ ಕರೆ. ಸಿಗ್ನಲ್ ಚಿಪ್ ಕೈಲಿದ್ದುದನ್ನು ಬಿಟ್ಟು ಬಂದು, ಆ ಒಂದನ್ನು ಅಳಿಸಿ, ಹೇಳಿದ ಕೆಲಸ ಮಾಡಬೇಕು.

ಮೂರು ಸಲ ಬರುತ್ತಲೇ ಇರಲಿಲ್ಲ. ಯಾಕೆ?

ಮೂರು ದಿನ ಅವನು ತನ್ನ ಪ್ರೋಗ್ರಾಮನ್ನು ಸಾಲು ಸಾಲಾಗಿ ಜಾಲಾಡಿದ. ವಾದಿಸಲಿಲ್ಲ, ಸಿಡುಕಲಿಲ್ಲ.

'ಎಂಥ ಮನುಷ್ಯ ಇವನು? ಬೈದರೂ ನಗ್ತಾನಲ್ಲ...' ಪೆಟ್ಟಿಗೆಗಿಂತ ಅವನೇ ಅವಳಿಗೆ ಒಗಟಾದ.

ನಾಲ್ಕನೆಯ ದಿನ ಬೆಳಿಗ್ಗೆ ಮುಖ್ಯಸ್ಥರು ಬಂದರು. "ತಪ್ಪು ಯಾರ ಕಡೆ?"

"ಅವರ ಕಡೆ, ಸರ್" ಎಂದಳು ಥಟ್ಟನೆ.

"ಹಾಗಾದ್ರೆ ಇವತ್ತೇ ಇವರು ವಾಪಸ್ ಹೋಗಲಿ. ಬೇರೆಯವರನ್ನ ಕರೆಸ್ತೀನಿ."

ಅವಳು ಕಂಡದ್ದನ್ನೇ ಹೇಳಿದ್ದಳು... ಆದರೂ ಯಾಕೆ ಈ ಸಂಕಟ?

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಳು. ಬಾಗಿಲ ಗಂಟೆ ಒತ್ತಿದಳು; ತಾಳ್ಮೆಯಿಲ್ಲದೆ ಮತ್ತೊಮ್ಮೆ ಒತ್ತಿದಳು. ಅತ್ತಿಗೆ ಸಾವಕಾಶವಾಗಿ ಬಂದರು.

"ಎರಡು ಸಲ ಒತ್ತಿದೆ ಅತ್ತಿಗೆ!"

"ನಂಗೆ ಒಂದೇ ಕೇಳಿಸ್ತು ಕಣೇ. ಈ ಗಂಟೆ ಒಂದು ರಾಗ ಹಾಡಿ ಮುಗಿಸೋಕೇ ಅರ್ಧ ದಿನ. ಅದು ಹಾಡ್ತಿರುವಾಗ್ಲೇ ಮತ್ತೆ ಒತ್ತಿದ್ರೆ ಲೆಕ್ಕಕ್ಕೆ ಬರುತ್ತಾ?"

ಅವಳು ಹೊಸ್ತಿಲಲ್ಲೇ ನಿಂತುಬಿಟ್ಟಳು.

"ಅಯ್ಯೋ... ನಾನು ಕಾಯಲೇ ಇಲ್ಲ!"

"ಊಟ ಮಾಡೇ!" ಎಂಬ ಕೂಗು ಬೆನ್ನ ಹಿಂದೆಯೇ ಉಳಿಯಿತು.

ಹೌದು! ಎರಡು ಕೆಲಸ ಒಟ್ಟಿಗೆ ಬಂದಾಗ, ಮೊದಲು ಬರೆದ 'ಒಂದು' ಅಳಿಸಿದೆಯೋ ಇಲ್ಲವೋ ಎಂದು ನೋಡದೆ ಅವಳ ಪ್ರೋಗ್ರಾಮ್ ಮತ್ತೆ 'ಒಂದು' ಬರೆಯುತ್ತಿತ್ತು. ಒಂದರ ಮೇಲೆ ಒಂದು ಬರೆದರೂ ಅದು ಒಂದೇ. ಎರಡನೆಯ ಕರೆ ಹುಟ್ಟಿಯೇ ಇರಲಿಲ್ಲ! ಪ್ರಯೋಗಶಾಲೆಗೆ ಓಡಿಬಂದು, 'ಅಳಿಸುವ ತನಕ ಕಾಯಿ' ಎಂದು ಒಂದು ಸಾಲು ಸೇರಿಸಿ, ಮತ್ತೆ ನೂರು ಸಲ ಕರೆದು ನೋಡಿದಳು. ನೂರಕ್ಕೆ ನೂರು!

ನೇರ ಮುಖ್ಯಸ್ಥರ ಕೋಣೆಗೆ ಹೋದಳು.

"ತಪ್ಪು ನನ್ನದು, ಸರ್. ಅವರನ್ನ ಕಳಿಸಬೇಡಿ."

ಅವರು ಕನ್ನಡಕ ತೆಗೆದು ಅವಳನ್ನೇ ದಿಟ್ಟಿಸಿದರು. "ಸರಿ, ಅವರು ಇರಲಿ. ಮುಂದಿನ ಸಲ ಬೆರಳು ತೋರಿಸೋಕೆ ಮುಂಚೆ ನೋಡ್ಕೊಳ್ಳಮ್ಮ" ಎಂದಷ್ಟೇ ಹೇಳಿದರು.

ಪ್ರಯೋಗಶಾಲೆಯಲ್ಲಿ ಅವನು ಹೊರಡಲೆಂದು ಮೇಜಿನ ತಂತಿಗಳನ್ನು ಸುತ್ತಿಡುತ್ತಿದ್ದ. ಎಲ್ಲವನ್ನೂ ಹೇಳಿ ಮುಗಿಸಿದವಳೇ ಕೇಳಿದಳು:

"ಗೊತ್ತಿದ್ದೂ ಸುಮ್ನಿದ್ರಾ?"

"ಇಲ್ಲ. ನಿಮ್ಮ ಪ್ರೋಗ್ರಾಮ್ ಕಡೆ ನಾನು ನೋಡಲೇ ಇಲ್ಲ."

"ಮೂರು ದಿನ?! ಎಲ್ಲರೂ ಮೊದಲು ಎದುರಿನವರ ತಪ್ಪೇ ಹುಡುಕ್ತಾರೆ!"

ಅವನು ತಲೆ ತಗ್ಗಿಸಿದ. "ನಮ್ಮ ಶಾಖೆಗೆ ಬರ್ತಿದ್ದ ನಿಮ್ಮ ಹಳೇ ಪ್ರೋಗ್ರಾಮ್‌ಗಳನ್ನ ಒಂದು ವರ್ಷದಿಂದ ಓದ್ತಿದ್ದೀನಿ. ಒಂದು ಸಾಲಿನ ಪಕ್ಕ ಟಿಪ್ಪಣಿ ಇತ್ತು... 'ಇಲ್ಲಿ ಧ್ವನಿ ಒಮ್ಮೆಲೇ ಏರಬಾರದು, ಪಾಪ, ಅಜ್ಜಿ ಬೆಚ್ಚಿಬೀಳ್ತಾರೆ' ಅಂತ. ಅದನ್ನ ಬರೆದವರನ್ನ ನೋಡಬೇಕು ಅಂತಲೇ ಈ ಕೆಲಸ ಕೇಳಿ ಬಂದೆ. ಅಂಥವರು ತಪ್ಪು ಮಾಡಬಹುದು ಅಂತ ಹೊಳೀಲೇ ಇಲ್ಲ."

ಅವಳ ಕಣ್ಣು ಮಂಜಾಯಿತು. "ನೋಡಿ ಆಯ್ತಲ್ಲ... ಬರೀ ಬೈಯೋಳು."

"ನೋಡಿದೆ. ಇನ್ನೂ ಸಾಲದು ಅನ್ಸುತ್ತೆ."

"ಎಷ್ಟು ದಿನ ಬೇಕು?"

"ಜೀವನಪೂರ್ತಿ ಅಂದ್ರೆ... ಅವಸರ ಆಯ್ತಾ?"

ಅವಳು ಅವನ ಕೈಯಲ್ಲಿದ್ದ ತಂತಿಯ ಇನ್ನೊಂದು ತುದಿ ಹಿಡಿದು, ಸುತ್ತು ಬಿಚ್ಚತೊಡಗಿದಳು.

"ನಾಳೆ ಊಟಕ್ಕೆ ಮನೆಗೆ ಬನ್ನಿ. ನಮ್ಮತ್ತಿಗೆ 'ಇವಳಲ್ಲಿ ಏನು ಕಂಡ್ರಿ' ಅಂತ ಕೇಳೇ ಕೇಳ್ತಾರೆ."

"ಒಂದೇ ಒಂದು ತಪ್ಪು ಕಂಡೆ... ಅದನ್ನೂ ಇವರೇ ತೋರಿಸಿಕೊಟ್ರು ಅಂತೀನಿ."