ತಪಾಸಣಿ ಸಾಹೇಬರು ಚಾ ಕುಡಿಯಂಗಿಲ್ಲ

ಬಂದವರು ಚಾ ಕುಡಿಯದೆ ಎದ್ದು ಹೋದರೆ ಸಂಗಪ್ಪನವರ ಮನೆಯಲ್ಲಿ ಅದನ್ನು ಬೈದು ಹೋದಂತೆಯೇ ಲೆಕ್ಕ ಹಿಡಿಯುತ್ತಾರೆ. ಬೆಟಗೇರಿಯ ಅವರ ಮೆಣಸಿನಕಾಯಿ ಗೋದಾಮಿಗೆ ಕರೆಂಟ್ ಬಿಲ್ಲಿನವನು ಬಂದರೂ ಚಾ, ಜಗಳಕ್ಕೆ ಬಂದವನಿಗೂ ಮೊದಲು ಚಾ, ಆಮೇಲೆ ಜಗಳ. ಅಂಥ ಜಾಗದಲ್ಲಿ ಮಗಳು ಕಾಂಚನಾ ಯಾಲಕ್ಕಿ ಜಜ್ಜಿ ಹಾಕಿ ತಾನೇ ಕುದಿಸಿ ತಂದ ಚಾ, ಕಪ್ಪು-ಬಶಿ ಸಮೇತ ಹಾಗೇ ಅಡುಗೆಮನೆಗೆ ವಾಪಸ್ ಹೋಯಿತು. ಕಳಿಸಿದವನ ಹೆಸರು ವೀರೇಶ. ಹುಬ್ಬಳ್ಳಿಯ ಒಂದು ತಪಾಸಣಿ ಕಂಪನಿಯಲ್ಲಿ ಕೆಲಸ, ಊರು ಮುಂಡರಗಿ ಕಡೆ.

"ಬ್ಯಾಡ್ರಿ ಮೇಡಂ. ನಾ ಕುಡಿಯಂಗಿಲ್ಲ."

ಸರಿ, ಕೆಲವರಿಗೆ ಚಾ ಆಗಿಬರುವುದಿಲ್ಲ ಎಂದು ಅವಳು ಸುಮ್ಮನಾಗುತ್ತಿದ್ದಳೇನೋ. ಆದರೆ ಮಧ್ಯಾಹ್ನ ಗೇಟಿನ ಆಚೆ ನೋಡಿದರೆ, ರಸ್ತೆಬದಿಯ ಬೇವಿನ ಮರದ ಕೆಳಗೆ ಬೈಕಿನ ಮೇಲೆ ಕೂತು ಈ ಮಹಾರಾಯ ಫ್ಲಾಸ್ಕಿನಿಂದ ಚಾ ಬಗ್ಗಿಸಿಕೊಂಡು ಕುಡಿಯುತ್ತಿದ್ದಾನೆ, ಅದೂ ಕಣ್ಣು ಮುಚ್ಚಿಕೊಂಡು, ಸಾವಕಾಶ. ಕಾಂಚನಾಳ ಮೈ ಉರಿಯಿತು. ಅಜ್ಜಿ ಕಸ್ತೂರೆವ್ವ ಕಟ್ಟೆಯ ಮೇಲೆ ಕೂತು ಮೆಣಸಿನಕಾಯಿ ಆರಿಸುತ್ತಿದ್ದವಳು, ಅವನಿಗೆ ನಮ್ಮ ಮನಿ ಹಾಲು ನಡೆಯುವುದಿಲ್ಲ ಅಂದರೆ ನಮ್ಮ ಮಾಲಾದರೂ ಹ್ಯಾಗೆ ನಡೆದೀತು ಎಂದು ಅವನಿಗೆ ಕೇಳುವಷ್ಟು ಜೋರಾಗಿಯೇ ಅಂದಳು.

ಇಷ್ಟು ಸಿಟ್ಟಿಗೆ ಕಾರಣವೂ ಇತ್ತು. ಅದು ಕಾಂಚನಾಳ ಮೊದಲ ಕಂಟೇನರು. ಹರ್ತಿ, ಮುಳಗುಂದ, ಬೆಳ್ಳಟ್ಟಿಯ ರೈತರಿಂದ ಒಣಮೆಣಸಿನಕಾಯಿ ಕೊಂಡು ಸಂಗಪ್ಪನವರು ಇಷ್ಟು ವರ್ಷ ಮುಂಬೈ ದಲಾಲರಿಗೆ ಕಳಿಸುತ್ತಿದ್ದರು. ಹಡಗು ಹತ್ತಿಸುವವರು ಅವರು, ಹೆಸರೂ ಅವರದೇ. ನಾವೇ ಯಾಕೆ ಕಳಿಸಬಾರದು ಎಂದು ಮಗಳು ಬಿ.ಕಾಂ. ಮುಗಿಸಿದಂದಿನಿಂದ ಗಂಟುಬಿದ್ದಿದ್ದಳು. ಕಡೆಗೆ ಅಪ್ಪ ಒಪ್ಪಿದರು, ಒಂದು ಕರಾರಿನ ಮೇಲೆ. ಒಂದೇ ಒಂದು ಲಾಟು ಫೇಲಾದರೂ ಈ ಉಸಾಬರಿ ಬಂದ್, ಮತ್ತೆ ಮುಂಬೈಗೇ ಮಾಲು.

ಎಕ್ಸ್‌ಪೋರ್ಟ್ ಅಂದರೆ ಮೆಣಸಿನಕಾಯಿಗಿಂತ ಕಾಗದದ್ದೇ ಭಾರ. ಇನ್‌ವಾಯ್ಸು, ಪ್ಯಾಕಿಂಗ್ ಲಿಸ್ಟು, ಹುಳ-ಹುಪ್ಪಡಿ ಇಲ್ಲವೆಂಬ ಸರ್ಟಿಫಿಕೇಟು, ಮಾಲು ಈ ದೇಶದ್ದೇ ಎಂಬ ಇನ್ನೊಂದು ಸರ್ಟಿಫಿಕೇಟು, ಕಸ್ಟಮ್ಸಿನ ಶಿಪ್ಪಿಂಗ್ ಬಿಲ್ಲು. ಒಂದರ ತೂಕ ಇನ್ನೊಂದಕ್ಕೆ ತಾಳೆಯಾಗದಿದ್ದರೆ ಬ್ಯಾಂಕಿನವರು ಎಲ್ಲವನ್ನೂ ತಿರುಗಿಸಿ ಮುಖಕ್ಕೆ ಹಿಡಿಯುತ್ತಾರೆ. ಇದನ್ನೆಲ್ಲ ಕಾಂಚನಾ ಬಿದ್ದು ಎದ್ದು ಕಲಿತಿದ್ದಳು. ಅವಳ ಕೈಯಲ್ಲಿ ಇಲ್ಲದ್ದು ಒಂದೇ. ಮಾರುವವರ ಕಡೆಗೂ ಸೇರದ, ಕೊಳ್ಳುವವರ ಕಡೆಗೂ ಸೇರದ ಮೂರನೆಯವನೊಬ್ಬ ಮಾಲು ನೋಡಿ ಚಲೋ ಇದೆ ಎಂದು ಬರೆದುಕೊಡಬೇಕು ಎಂಬುದು ಕೊಲಂಬೊದ ವ್ಯಾಪಾರಿಯ ಷರತ್ತು. ಆ ಮೂರನೆಯವನೇ ಈ ಫ್ಲಾಸ್ಕಿನವನು.

ಮೊದಲ ಲಾಟು ಪಾಸಾಯಿತು. ಎರಡನೆಯದಕ್ಕೆ ಬಂದಾಗ ಕಾಂಚನಾ ಅವನಿಗೆ ಚಾ ಕೇಳಲೇ ಇಲ್ಲ. ಮಧ್ಯಾಹ್ನ ಗೇಟು ದಾಟಿ ನೆಟ್ಟಗೆ ಬೇವಿನ ಮರದ ಕೆಳಗೇ ಹೋಗಿ ನಿಂತಳು.

"ನಮ್ಮ ಚಾದಾಗ ಏನರ ಹಾಕಿರತೀವೇನ್ರಿ?"

ವೀರೇಶ ಫ್ಲಾಸ್ಕಿನ ಮುಚ್ಚಳ ಹಿಡಿದೇ ಎದ್ದು ನಿಂತ. ಮುಂಜಾನೆಯಿಂದ ಮೆಣಸಿನಕಾಯಿ ಘಾಟಿಗೆ ಸೀನಿ ಸೀನಿ ಮೂಗು ಕೆಂಪಾಗಿತ್ತು, ಕಣ್ಣಲ್ಲಿ ನೀರಿತ್ತು. ನೋಡಿದರೆ ಬೈಸಿಕೊಂಡು ಅತ್ತವನ ಹಾಗೆ ಕಾಣುತ್ತಿದ್ದ. ಬೈಯಬೇಕೆಂದು ಬಂದವಳಿಗೆ ನಗು ತಡೆಯುವುದೇ ಕೆಲಸವಾಯಿತು.

"ಹಂಗಲ್ಲರಿ," ಅಂದ. "ನಿಮ್ಮ ಚಾ ಕುಡದು, ನಿಮ್ಮ ಮಾಲು ಚಲೋ ಐತಿ ಅಂತ ಬರದ್ರ ಆ ಸಹಿಗೆ ಏನ ಕಿಮ್ಮತ್ತು? ಪಾರ್ಟಿ ಕಡೆ ನೀರು ಸೈತ ಮುಟ್ಟಬಾರದಂತ ಐತಿ ನಮ್ಮದು."

"ಅಂದ್ರ ಒಂದು ಕಪ್ಪು ಚಾಕ್ಕ ನಿಮ್ಮ ಮನಸ್ಸು ತಿರಗತೈತಿ ಅಂದಂಗಾತು."

ಅವನು ಅವಳ ಹಣೆಗೆ ಅಂಟಿದ್ದ ಮೆಣಸಿನಕಾಯಿ ಧೂಳನ್ನು ನೋಡಿದ, ಕಣ್ಣನ್ನು ನೋಡಿದ, ನೋಡಬಾರದಷ್ಟು ಹೊತ್ತು ನೋಡಿದೆ ಎಂದು ತನಗೇ ಅನಿಸಿತೇನೋ, ಮುಚ್ಚಳದೊಳಗಿನ ಚಾ ನೋಡತೊಡಗಿದ. "ಚಾಕ್ಕ ತಿರಗಂಗಿಲ್ಲರಿ," ಅಂದ. ಮತ್ತೆ ಯಾವುದಕ್ಕೆ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಈ ಕಥೆ ಅಲ್ಲೇ ಮುಗಿದುಹೋಗುತ್ತಿತ್ತು.

ಆ ಸಂಜೆ ಸ್ಯಾಂಪಲ್ಲಿಗೆ ಸೀಲು ಹಾಕುವಾಗ ಹಮಾಲರು ಯಾರೂ ಇರಲಿಲ್ಲ. ಒಂದು ಪೊಟ್ಟಣ ಅವನಿಗೆ, ಒಂದು ಕೊಲಂಬೊಕ್ಕೆ, ಒಂದು ಇವಳಿಗೆ. ಕಾಂಚನಾ ಮೇಣದಬತ್ತಿ ಹಿಡಿದಳು, ಅವನು ಅರಗು ಕರಗಿಸಿ ದಾರದ ಗಂಟಿನ ಮೇಲೆ ಬಿಟ್ಟು ಹಿತ್ತಾಳೆ ಮುದ್ರೆ ಒತ್ತಿದ. ಬತ್ತಿ ಅಲುಗಾಡುತ್ತಿತ್ತು. ಗಾಳಿ ಎಂದು ಅವಳು ಅಂದಳು. ಬಾಗಿಲು ಹಾಕಿದೆಯಲ್ಲ ಎಂದು ಅವನು ಅನ್ನಲಿಲ್ಲ, ಬಾಗಿಲ ಕಡೆ ಒಂದು ಸಲ ನೋಡಿ ಮೀಸೆಯಲ್ಲೇ ನಕ್ಕ. ತನ್ನ ಪಾಲಿನ ಪೊಟ್ಟಣವನ್ನು ಅವಳು ಟೇಬಲ್ಲಿನ ಮೇಲೆ, ಕಣ್ಣೆದುರೇ ಇಟ್ಟುಕೊಂಡಳು.

ಅಲ್ಲಿಂದ ಶುರುವಾಯಿತು ನೋಡಿ ಅವಳ ಚಡಪಡಿಕೆ. ಕೂತರೆ ಕೂಡಲೊಲ್ಲಳು, ನಿಂತರೆ ನಿಲ್ಲಲೊಲ್ಲಳು. ಕಂಟೇನರು ಹೊರಟರೆ ಮಾತ್ರ ಅವನು ಬರುವುದು. ಆರ್ಡರ್ ಬಂದರೆ ಮಾತ್ರ ಕಂಟೇನರು. ಹಾಗಾಗಿ ಕೊಲಂಬೊದವನಿಗೆ ದಿನಬೆಳಗಾದರೆ ಮೇಲ್, ಮುಂದಿನ ಆರ್ಡರ್ ಯಾವಾಗ ಎಂದು. ಮಗಳಿಗೆ ಧಂದೆಯ ಮೇಲೆ ಎಷ್ಟು ಹುರುಪು ಎಂದು ಸಂಗಪ್ಪನವರು ಮಾರ್ಕೆಟ್ಟಿನಲ್ಲೆಲ್ಲ ಹೇಳಿಕೊಂಡು ತಿರುಗಿದರು. ಫೋನಿನಲ್ಲಿ ವೀರೇಶನ ನಂಬರಿತ್ತು. ಅದರಲ್ಲಿ ಲಾಟ್ ರೆಡಿ ಇದೆ ಎಂಬ ಇವಳ ಮೆಸೇಜು, ಓಕೆ ಮೇಡಂ ಎಂಬ ಅವನ ಉತ್ತರ, ಅಷ್ಟೇ. ಆ ಓಕೆಯನ್ನು ಅವಳು ಎಷ್ಟು ಸಲ ತೆಗೆದು ನೋಡಿದ್ದಳೋ.

ಮೂರನೇ ಆರ್ಡರ್ ಕಡೆಗೂ ಬಂತು. ಹಿಂದಿನ ಎರಡೂ ಸಲ ತಾನೇ ನಿಂತು ಲಾಟು ತುಂಬಿಸಿದ್ದ ಕಾಂಚನಾ ಈ ಸಲ ತುಂಬುವ ದಿನ ಕಾಗದಪತ್ರಕ್ಕೆಂದು ಹುಬ್ಬಳ್ಳಿಗೆ ಹೋಗಿದ್ದಳು. ಮರುದಿನ ವೀರೇಶ ಬಂದ. ಪೇರಿಸಿಟ್ಟ ಚೀಲಗಳ ಥಪ್ಪಿಯ ತಳದಿಂದ ತನಗೆ ಬೇಕಾದವನ್ನೇ ಎಳೆಸಿದ, ಹಮಾಲರು ಗೊಣಗಿದರು. ಒಂದು ಕಾಯಿ ಮುರಿದು ನೋಡಿದ. ಪಟ್ಟನೆ ಮುರಿಯಬೇಕಾದದ್ದು ಬಾಗಿತು. ತೇವ ಅಳೆಯುವ ಮೀಟರ್ ಹಾಕಿದ. ಒರೆಸಿ ಮತ್ತೆ ಹಾಕಿದ. ಬೇರೆ ಚೀಲಕ್ಕೆ ಹೋಗಿ ಇನ್ನೊಮ್ಮೆ ಹಾಕಿದ. ತೇವ ಹನ್ನೊಂದು ಪರ್ಸೆಂಟು ಮೀರಬಾರದು ಎಂದು ಕರಾರು, ಮೀಟರು ಹದಿಮೂರರ ಕೆಳಗೆ ಇಳಿಯಲೊಲ್ಲದು.

ಅಪ್ಪ ಬಾಗಿಲಲ್ಲಿ ನಿಂತಿದ್ದರು. ಒಂದೇ ಒಂದು ಲಾಟು ಎಂಬ ಅವರ ಮಾತು ಕಾಂಚನಾಳ ಕಿವಿಯಲ್ಲಿ ಗುಂಯ್‌ಗುಟ್ಟಿತು. ಮಂಗಳೂರಿನಲ್ಲಿ ಹಡಗಿಗೆ ಮಾಲು ಒಪ್ಪಿಸುವ ಗಡುವು ಮುಗಿಯುತ್ತ ಬಂದಿತ್ತು. ಮುಂಬೈಗೆ ಹೋದರೆ ಮಾಲಿನ ಹೆಸರು ಹೋಗುತ್ತದೆ, ಇವನು ಬರುವುದೂ ನಿಲ್ಲುತ್ತದೆ. ಥಪ್ಪಿಯ ಮರೆಗೆ ಹೋಗಿ ಅವನ ಪಕ್ಕ ನಿಂತಳು. ಬಾಯಿಂದ ಬರಬಾರದ ಮಾತು ಬಂದೇಬಿಟ್ಟಿತು.

"ಹನ್ನೊಂದು ಅಂತ ಬರದುಬಿಡ್ರಿ. ನನ್ನ ಸಲುವಾಗಿ."

ವೀರೇಶ ಮೀಟರನ್ನು ತನ್ನ ಹೆಗಲ ಚೀಲದೊಳಗೆ ಇಟ್ಟ. ಅವಳ ಕಡೆ ನೋಡಲಿಲ್ಲ. ಕಾಯಿಗೆ ನೀರು ಹೊಡೆದಿದ್ದೀರಾ ಎಂದು ಎಲ್ಲರಿಗೂ ಕೇಳುವಂತೆ ಕೇಳಿದ. ಹೊರಗಿನಿಂದ ಕಸ್ತೂರೆವ್ವನ ಉತ್ತರ ಬಂತು, ಅದರಲ್ಲಿ ತಪ್ಪೇನಿದೆ ಎಂಬ ದನಿಯಲ್ಲಿ.

"ಹೊಡಿಲಾರದ ತುಂಬಿದ್ರ ಕಾಯಿ ಪುಡಿಪುಡಿ ಆಕ್ಕಾವಲ್ಲೋ ತಮ್ಮಾ. ನಮ್ಮತ್ತಿ ಕಾಲದಿಂದ ಹೊಡಕೊಂತ ಬಂದೀವಿ."

ಅವನು ಬರೆದ. ಹದಿಮೂರು ಎಂದೇ ಬರೆದ, ಕೆಳಗೆ ಫೇಲ್ ಎಂದು ಬರೆದು ಸಹಿ ಹಾಕಿ, ಬೇವಿನ ಮರದ ಕೆಳಗೂ ನಿಲ್ಲದೆ ಹೊರಟುಹೋದ. ಕಾಂಚನಾಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಾಚಿಕೆ ಬಂತು. ಅವನ ಹತ್ತಿರ ಇರುವುದೇ ಆ ಒಂದು ಸಹಿ, ಅದನ್ನೇ ಕೇಳಿಬಿಟ್ಟೆನಲ್ಲ ಎಂದು ಥಪ್ಪಿಯ ಹಿಂದೆಯೇ ನಿಂತು ಅತ್ತಳು. ಗೋದಾಮಿನಲ್ಲಿ ಕಣ್ಣೀರಿಗೆ ಯಾರೂ ಕಾರಣ ಕೇಳುವುದಿಲ್ಲ, ಅಷ್ಟು ಅನುಕೂಲವಿತ್ತು.

ಆಮೇಲೆ ಮುಖ ತೊಳೆದುಕೊಂಡು ಕೊಲಂಬೊಕ್ಕೆ ಇದ್ದದ್ದು ಇದ್ದ ಹಾಗೆ ಬರೆದಳು. ತಪ್ಪು ನಮ್ಮದು, ಒಣಗಿಸಿ ಕಳಿಸುತ್ತೇವೆ, ಮುಂದಿನ ಹಡಗಿಗೆ ಅವಕಾಶ ಕೊಡಿ. ಚೀಲ ಬಿಚ್ಚಿಸಿ ಅಂಗಳಕ್ಕೆ, ಮಾಳಿಗೆಗೆ ಮೆಣಸಿನಕಾಯಿ ಹರವಿಸಿದಳು. ಕಸ್ತೂರೆವ್ವ ಯಾರೂ ಹೇಳದೆ ತಾನೇ ಬಿಸಿಲಲ್ಲಿ ಕೂತು ಕಾಯಿ ಹೊರಳಿಸಿದಳು. ಕೊಲಂಬೊದಿಂದ ಉತ್ತರ ಬಂತು. ನಿಮ್ಮ ಕಡೆ ಫೇಲ್ ಎಂದೂ ಬರೆಯುವವರು ಇದ್ದಾರೆ, ಅದಕ್ಕೇ ನಿಮ್ಮೊಂದಿಗೆ ವ್ಯಾಪಾರ, ಮುಂದಿನ ಹಡಗಿಗೆ ಕಳಿಸಿ ಎಂದು. ಅದನ್ನು ಓದಿಸಿಕೊಂಡ ಮೇಲೆ ಸಂಗಪ್ಪನವರು ಕರಾರಿನ ಮಾತನ್ನು ಮತ್ತೆ ಎತ್ತಲಿಲ್ಲ.

ಮರುತಪಾಸಣೆಗೆ ಕಾಂಚನಾ ಬೆಳಗಿನಿಂದ ಗೇಟು ನೋಡುತ್ತಿದ್ದಳು. ಕ್ಷಮೆ ಕೇಳುವ ಮಾತನ್ನು ಬಾಯಿಪಾಠ ಮಾಡಿಕೊಂಡಿದ್ದಳು. ಬಂದವನು ವೀರೇಶನಲ್ಲ. ಅದೇ ಕಂಪನಿಯ ಸಕ್ರಪ್ಪ ಎಂಬ ವಯಸ್ಸಾದ ಮನುಷ್ಯ. ಚಾ ಬೇಡವೆಂದ, ಮೀಟರ್ ಒಂದೇ ಸಲ ಹಾಕಿದ, ಪಾಸ್ ಎಂದು ಬರೆದ. ವೀರೇಶ ಎಲ್ಲಿ ಎಂದು ಅವಳು ಕಾಗದದ ನೆಪ ಮಾಡಿ ಕೇಳಿದಳು. ನಿಮ್ಮ ಫೈಲನ್ನು ತಾನಾಗೇ ಬಿಟ್ಟಿದ್ದಾನೆ, ಇನ್ನು ಬರುವುದಿಲ್ಲ ಎಂದ ಸಕ್ರಪ್ಪ. ಯಾಕೆ ಎಂದು ಹೇಳಲಿಲ್ಲ.

ಕಂಟೇನರು ಹೋಯಿತು. ಮನೆಯಲ್ಲಿ ಹೋಳಿಗೆ ಮಾಡಿದರು. ಕಾಂಚನಾ ತನ್ನ ಪಾಲಿನದನ್ನು ಹಾಗೇ ಮುಚ್ಚಿಟ್ಟಳು. ಆ ಮಾತು ಆಡಿ ತಾನೇ ಅವನನ್ನು ಓಡಿಸಿದೆ ಎಂಬುದು ಅವಳಿಗೆ ಖಾತ್ರಿಯಾಗಿತ್ತು. ಫೋನಿನಲ್ಲಿ ತಪ್ಪಾಯಿತು ಎಂದು ಬರೆಯುವಳು, ಅಳಿಸುವಳು. ಮಧ್ಯಾಹ್ನವಾದರೆ ಕಾಲುಗಳು ತಾವಾಗಿ ಗೇಟಿನ ಕಡೆ ಎಳೆಯುತ್ತಿದ್ದವು. ಬೇವಿನ ಮರದ ಕೆಳಗೆ ಒಂದು ನಾಯಿ ಮಲಗಿರುತ್ತಿತ್ತು, ಅಷ್ಟೇ.

ಒಂದು ಭಾನುವಾರ ಗೇಟಿನೊಳಗೆ ಬೈಕಿನ ಸದ್ದಾಯಿತು. ಗೇಟಿನ ಆಚೆ ಅಲ್ಲ, ಒಳಗೆ. ವೀರೇಶ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ, ಹೆಗಲಿಗೆ ಮೀಟರಿನ ಚೀಲವಿರಲಿಲ್ಲ, ಫ್ಲಾಸ್ಕೂ ಇರಲಿಲ್ಲ. ಚಪ್ಪಲಿ ಬಿಟ್ಟು ಬಂದು ಕಟ್ಟೆಯ ಮೇಲೆ ಕಸ್ತೂರೆವ್ವನ ಪಕ್ಕವೇ ಕೂತ.

"ಆಯಿ, ಒಂದು ಕಪ್ಪು ಚಾ ಕೊಡ್ರಿ."

ಕಸ್ತೂರೆವ್ವ ಅವನನ್ನು ಕಾಲಿನಿಂದ ತಲೆತನಕ ನೋಡಿದಳು. ಆಮೇಲೆ ಒಳಗೆ ಕೂಗಿ ಹೇಳಿದಳು, "ಕಾಂಚನಾ, ಚಾ ಇಡು. ಫ್ಲಾಸ್ಕಿನಾಂವ ಬಂದಾನ."

ಒಳಗೆ ಒಂದು ಪಾತ್ರೆ ಬಿದ್ದ ಸದ್ದಾಯಿತು. ಚಾ ಹೇಗೆ ಕುದಿಸಿದಳೋ, ಏನು ಹಾಕಿದಳೋ ಅವಳಿಗೇ ಗೊತ್ತಿಲ್ಲ. ಎರಡು ಕಪ್ಪು ಹಿಡಿದು ಹೊರಗೆ ಬಂದಾಗ ಕಸ್ತೂರೆವ್ವ ಎಮ್ಮೆಗೆ ನೀರಿಡಬೇಕು ಎಂದು ಎದ್ದು ಹಿತ್ತಲಿಗೆ ನಡೆದಳು. ಅವರ ಮನೆಯ ಎಮ್ಮೆ ಮಾರಿ ವರ್ಷದ ಮೇಲಾಗಿತ್ತು.

ಕಾಂಚನಾ ಕಪ್ಪು ಕೆಳಗಿಟ್ಟು ನಿಂತೇ ಕೇಳಿದಳು. "ಅವತ್ತ ನಾ ಹಂಗ ಕೇಳಬಾರದಿತ್ತು. ಅದಕ್ಕ ಸಿಟ್ಟಾಗಿ ಫೈಲ್ ಬಿಟ್ರೇನು?"

"ನೀವು ಕೇಳೂಕಿಂತ ಮೊದಲ ನಾ ಮೂರು ಸಲ ಮೀಟರ್ ಹಾಕಿದ್ದೆ. ನೋಡಿದ್ರಿಲ್ಲೋ?"

"ನೋಡಿದ್ದೆ."

"ಒಂದು ಸಲ ಸಾಕಿತ್ತು. ಕಡಿಮಿ ಬರಲಿ, ಕಡಿಮಿ ಬರಲಿ ಅಂತ ಹಾಕಿದೆ. ಈ ಕೆಲಸಕ್ಕ ಬಂದ ಮ್ಯಾಲ ಎಂದೂ ಹಂಗ ಅನಿಸಿರಲಿಲ್ಲ." ಅವನು ಬಶಿಯ ಅಂಚನ್ನು ಬೆರಳಿನಿಂದ ತಿರುಗಿಸಿದ. "ಅವತ್ತ ತಿಳೀತು, ನಾ ಮೂರನೇದಾಂವ ಅಲ್ಲ, ನಿಮ್ಮ ಕಡೆದಾಂವ ಆಗೇನಿ ಅಂತ. ಮತ್ತ ಬಂದಿದ್ರ ನಿಮ್ಮ ಕಾಗದಾನೂ ಖೊಟ್ಟಿ, ನನ್ನ ಸಹೀನೂ ಖೊಟ್ಟಿ."

ಆಫೀಸಿನವರಿಗೆ ಏನು ಹೇಳಿದಿರಿ ಎಂದು ಅವಳು ಮೆಲ್ಲಗೆ ಕೇಳಿದಳು.

"ಆ ಪಾರ್ಟಿ ಜೋಡಿ ಏನ ಸಂಬಂಧ ಅಂತ ಕೇಳಿದ್ರು. ಇನ್ನೂ ಇಲ್ಲರಿ, ಕೇಳಾಕ ಹೋಗಬೇಕಂದ್ರ ಮೊದಲ ಫೈಲ್ ಬಿಡಬೇಕು ಅಂದೆ." ಈಗ ಅವನು ಕಣ್ಣೆತ್ತಿ ನೋಡಿದ, ಬೇವಿನ ಮರದ ಕೆಳಗೆ ನೋಡಿದ ಹಾಗೆಯೇ, ಈ ಸಲ ನೋಟ ತಿರುಗಿಸದೆ. "ಕೇಳಾಕ ಬಂದೇನಿ. ನನ್ನ ಲಗ್ನ ಆಗತೀರೇನು?"

ಇಷ್ಟು ದಿನದ ಚಡಪಡಿಕೆಯೆಲ್ಲ ಒಮ್ಮೆಲೇ ನಿಂತು ಕಾಂಚನಾಳಿಗೆ ಮೈಯೆಲ್ಲ ಹಗುರಾಯಿತು. ಹಾಗೆಂದು ಅಷ್ಟು ಸುಲಭಕ್ಕೆ ಬಿಟ್ಟಾಳೇ. ಅವಳ ಚಾ ತಿರಸ್ಕರಿಸಿದ ಲೆಕ್ಕ ಇನ್ನೂ ಬಾಕಿ ಇತ್ತು. ಮೊದಲು ಚಾ ಕುಡಿದು ಹೇಗಿದೆ ಹೇಳಿ, ಆಮೇಲೆ ನೋಡೋಣ ಅಂದಳು.

ವೀರೇಶ ಬಶಿಗೆ ಚಾ ಬಗ್ಗಿಸಿಕೊಂಡ. ಊದಿದ. ಸುರ್ರೆಂದು ಎಳೆದ. ಮತ್ತೆ ಬಗ್ಗಿಸಿಕೊಂಡು ತಳ ಕಾಣುವ ತನಕ ಕುಡಿದ.

"ಭಾಳ ಚಲೋ ಐತಿ," ಅಂದ.

ಆಗ ಕಾಂಚನಾ ತನ್ನ ಕಪ್ಪಿನಿಂದ ಒಂದು ಗುಟುಕು ಕುಡಿದಳು. ಮುಖ ಕಿವುಚಿತು. ಒಳಗಿನ ಗಡಿಬಿಡಿಯಲ್ಲಿ ಚಾ ಪುಡಿ ಎರಡು ಸಲ ಬಿದ್ದಿತ್ತು, ಸಕ್ಕರೆ ಒಂದು ಕಾಳೂ ಬಿದ್ದಿರಲಿಲ್ಲ.

"ಸಕ್ರಿನ ಇಲ್ಲಲ್ರಿ ಇದರಾಗ. ಚಲೋ ಐತಿ ಅಂತೀರಿ?"

"ಅದಕ್ಕ ನೋಡ್ರಿ," ಅಂದ ವೀರೇಶ, "ಫೈಲ್ ಬಿಟ್ಟಿದ್ದು."

ಕಾಂಚನಾ ನಕ್ಕಳು. ಅವನ ಖಾಲಿ ಕಪ್ಪನ್ನು ಎತ್ತಿಕೊಂಡು ಸಕ್ಕರೆ ಹಾಕಿ ತರಲು ಒಳಗೆ ಹೊರಟವಳು, ಹೊಸ್ತಿಲಲ್ಲಿ ನಿಂತು ತಿರುಗಿದಳು.

"ಆತು," ಅಂದಳು.