ಗಂಟು ಹಾಕಿದ ಕೈ

ಚಿಲಕ ತೆಗೆದು ನೂಕಿದರೆ ಬಾಗಿಲು ಅರ್ಧಕ್ಕೇ ನಿಂತಿತು. ನರ್ಸ್ ಭುಜ ಕೊಟ್ಟು ತಳ್ಳಿದಳು. ಹೊಸ್ತಿಲಾಚೆ, ಹಿಮದಲ್ಲಿ ಯಾರೋ ಮುದುಡಿ ಬಿದ್ದಿದ್ದರು. ಅವಳ ಕಣ್ಣು ಕೈಗಳ ಬ್ಯಾಂಡೇಜಿನ ಮೇಲೆ ಬಿತ್ತು. ಅದು ನಿನ್ನೆ ಸಂಜೆ ಅವಳೇ ಸುತ್ತಿದ್ದು.

"ದೊಡ್ಡಮ್ಮಾ! ಬೇಗ ಬಾ!"

ಗಡಿಯಾರ ರಿಪೇರಿಯವನು ಸತ್ತು ಸೆಟೆದುಹೋಗಿದ್ದ.

ಬೆಟ್ಟದ ನೆತ್ತಿಯ ಕೆಳಗಿನ ಆ ತಂಗುಮನೆಗೆ ಕಾವಲಿನವನಿಲ್ಲ, ಬೀಗವಿಲ್ಲ. ಒಂದೇ ಕೋಣೆ, ಗೋಡೆಗುಂಟ ಹಲಗೆಯ ಮಂಚಗಳು, ನಡುವೆ ಕಬ್ಬಿಣದ ಒಲೆ. ನಿನ್ನೆಯ ಹಿಮಗಾಳಿ ಐದು ಜನರನ್ನು ಅಲ್ಲಿಗೆ ಅಟ್ಟಿತ್ತು: ನರ್ಸ್, ಪೊಲೀಸ್ ಕೆಲಸದಿಂದ ನಿವೃತ್ತಳಾಗಿದ್ದ ಅವಳ ದೊಡ್ಡಮ್ಮ, ಗಡಿಯಾರದವನು, ಅವನ ಅಣ್ಣ, ಜೊತೆಗೆ ಒಬ್ಬ ಲಾರಿ ಡ್ರೈವರ್. ದಾರಿಯಲ್ಲಿ ಅಣ್ಣನ ಕೈಗವಸು ಕಂದಕಕ್ಕೆ ಹಾರಿಹೋದಾಗ ತಮ್ಮ ತನ್ನದನ್ನು ಬಿಚ್ಚಿ ಕೊಟ್ಟಿದ್ದ. ಇಲ್ಲಿಗೆ ಮುಟ್ಟುವಷ್ಟರಲ್ಲಿ ಅವನ ಬೆರಳುಗಳು ಮೇಣದಂತೆ ಬಿಳಿಚಿದ್ದವು.

"ನನ್ನ ಮುಖ ಯಾಕೆ ನೋಡ್ತೀರಾ?" ಡ್ರೈವರ್ ಸಿಡುಕಿದ. "ಒಲೆ ಹತ್ರ ಜಾಗಕ್ಕೆ ಅವನ ಜೊತೆ ಕಿತ್ತಾಡಿದ್ದು ನಿಜ. ಅಷ್ಟಕ್ಕೇ ಸಾಯಿಸ್ತಾರಾ?"

ದೊಡ್ಡಮ್ಮ ನರ್ಸಿನ ಕಡೆ ತಿರುಗಿದಳು. "ಬಾಗಿಲು ಹೇಗಿತ್ತು ಮಗಳೇ?"

"ಒಳಗಿಂದ ಚಿಲಕ ಹಾಕಿತ್ತು."

ಸತ್ತವನು ಹೊರಗೆ — ಚಿಲಕ ಒಳಗೆ!

"ನಾನೇ ಹಾಕಿದ್ದು," ಎಂದ ಅಣ್ಣ. "ಗಾಳಿಗೆ ಬಾಗಿಲು ಬಡ್ಕೊಳ್ತಾ ಇತ್ತು. ನಿದ್ದೆಗಣ್ಣಲ್ಲಿ ಎದ್ದು ಹಾಕಿ ಮಲಗಿಬಿಟ್ಟೆ. ಅವನು ಹೊರಗೆ ಹೋಗಿದ್ದಾನೆ ಅಂತ ನಂಗೇನು ಗೊತ್ತಮ್ಮಾ? ಕೈಯಾರೆ ಕೊಂದೆನಲ್ಲ!"

ಅವನು ತಲೆ ಚಚ್ಚಿಕೊಂಡ. ಡ್ರೈವರನ ಕಣ್ಣೂ ಒದ್ದೆಯಾಯಿತು. ಅಯ್ಯೋ, ಇಂಥ ಪಾಪ ಶತ್ರುವಿಗೂ ಬೇಡ ಎಂದುಕೊಂಡಳು ನರ್ಸ್.

ದೊಡ್ಡಮ್ಮ ಮಾತ್ರ ಹೆಣದ ಪಕ್ಕ ಮಂಡಿಯೂರಿಯೇ ಇದ್ದಳು.

"ನಿನ್ನೆ ಇವನಿಗೆ ಊಟ ಮಾಡಿಸಿದ್ದು ಯಾರು?"

"ನಾನೇ. ಬೆರಳು ಬೆರಳಿನ ಮಧ್ಯೆ ಹತ್ತಿ ಇಟ್ಟು ಎರಡೂ ಕೈಯನ್ನ ಉಂಡೆ ಹಾಗೆ ಸುತ್ತಿದ್ದೆ. ಚಮಚ ಹಿಡಿಯೋಕೂ ಆಗ್ತಿರಲಿಲ್ಲ."

"ಬೂಟು ಬಿಚ್ಚಿದ್ದು?"

"ಅದೂ ನಾನೇ, ದೊಡ್ಡಮ್ಮ."

"ಹಾಗಾದ್ರೆ ಹಾಕಿದ್ದು ಯಾರು?"

ನರ್ಸ್ ಬಗ್ಗಿ ನೋಡಿದಳು. ಹೆಣದ ಕಾಲಲ್ಲಿ ಬೂಟಿತ್ತು. ಲೇಸನ್ನು ಬಿಗಿಯಾಗಿ ಎಳೆದು, ಗಂಟಿನ ಮೇಲೆ ಗಂಟು ಹಾಕಿ, ತುದಿಗಳನ್ನು ಒಳಕ್ಕೆ ಸಿಕ್ಕಿಸಲಾಗಿತ್ತು. ಇಷ್ಟು ಹೊತ್ತು ಎಲ್ಲರೂ ಅವನ ಕೈಯನ್ನೇ ನೋಡಿದ್ದರು. ಕಾಲು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

"ಚಮಚ ಹಿಡಿಯೋಕಾಗದ ಕೈ ಈ ಗಂಟು ಹಾಕುತ್ತಾ?" ದೊಡ್ಡಮ್ಮ ಎದ್ದಳು. "ಡ್ರೈವರನದು ರಬ್ಬರ್ ಬೂಟು, ಲೇಸೇ ಇಲ್ಲ. ಇನ್ನು ನಿನ್ನ ಕಾಲು ತೋರಿಸಪ್ಪ."

ಅಣ್ಣ ಕಾಲನ್ನು ಹಿಂದಕ್ಕೆ ಎಳೆದುಕೊಂಡ. ಅಷ್ಟರಲ್ಲೇ ಎಲ್ಲರಿಗೂ ಕಂಡಿತ್ತು — ಅದೇ ಗಂಟು, ಒಳಕ್ಕೆ ಸಿಕ್ಕಿಸಿದ ಅದೇ ತುದಿ.

"ನಿದ್ದೆಗಣ್ಣಲ್ಲಿ ಅಲ್ಲ. ತಮ್ಮನಿಗೆ ಬೂಟು ಹಾಕಿ, ಹೊರಗೆ ಬಿಟ್ಟು, ಚಿಲಕ ಹಾಕಿದವನು ನೀನು. ಯಾಕೆ?"

ಅವನು ಹಲಗೆಯ ಮೇಲೆ ಕುಸಿದ.

"ಅವನೇ ಕೇಳ್ದ. 'ಬೆರಳು ಹೋದ್ರೆ ನಾನು ಯಾತಕ್ಕೆ ಬೇಕಣ್ಣ? ಕೂದಲೆಳೆಯಂಥ ಸ್ಪ್ರಿಂಗು ಕೂರಿಸೋ ಕೈ ಇದು. ಬಾಗಿಲು ತೆಗಿ, ಗಾಳೀಲಿ ಹೋಗ್ತೀನಿ, ನೋವಾಗಲ್ಲ' ಅಂದ. ಚಿಕ್ಕವನಿದ್ದಾಗಿನಿಂದ ಅವನು ಕೇಳಿದ್ದಕ್ಕೆ ನಾನು ಇಲ್ಲ ಅಂದವನಲ್ಲ."

ನರ್ಸಿಗೆ ಅಳು ಉಕ್ಕಿಬಂತು. ಕರುಣೆಯಿಂದ ಮಾಡಿದ್ದಲ್ಲವೇ? ಅವನನ್ನು ಬಿಟ್ಟುಬಿಡು ಎಂದು ಹೇಳಲು ಹೊರಟಳು.

"ಆಮೇಲೆ ಅವನು ವಾಪಸ್ ಬಂದ, ಅಲ್ವಾ?" ದೊಡ್ಡಮ್ಮನ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ಬ್ಯಾಂಡೇಜು ಚಿಂದಿಯಾಗಿದೆ. ಅದರ ತುಂಬ ಬಾಗಿಲಿನ ಹಸಿರು ಬಣ್ಣ ಮೆತ್ತಿದೆ. ಸಾಯೋಕೆ ಹೋದವನಿಗೆ ಬದುಕೋ ಆಸೆ ಹುಟ್ಟಿತ್ತು. ಬಾಗಿಲು ಬಡಿದಿದ್ದಾನೆ. ನಾವು ಗಾಳಿ ಅಂದ್ಕೊಂಡ್ವಿ. ನಿನಗೆ ಗೊತ್ತಿತ್ತು."

ಅಣ್ಣ ನೆಲ ನೋಡುತ್ತ ಹೇಳಿದ.

"'ಅಣ್ಣಾ, ಅಣ್ಣಾ' ಅಂತ ಕೂಗ್ತಿದ್ದ. ಒಳಗೆ ಬಂದ್ರೆ... ಆ ಮೊಂಡುಗೈ ಜೀವಮಾನವಿಡೀ ನನ್ನ ಕಣ್ಣೆದುರಿಗೇ ಇರ್ತಿತ್ತಲ್ಲಮ್ಮ. ನನ್ನಿಂದ ಆಗಿದ್ದು ಅಂತ. ಕಿವಿ ಮುಚ್ಕೊಂಡೆ." ತಲೆಯೆತ್ತಿ ನರ್ಸಿನ ಕಡೆ ನೋಡಿದ. "ಸಿಸ್ಟರ್, ನಿಜ ಹೇಳಿ. ಬೆರಳು ಉಳೀತಿತ್ತಾ?"

ಇಲ್ಲ ಎಂಬ ಸುಳ್ಳು ಅವಳ ನಾಲಿಗೆಯ ತುದಿಗೆ ಬಂದಿತ್ತು.

"ತುದಿ ಸ್ವಲ್ಪ ಹೋಗ್ತಿತ್ತೇನೋ," ಅಂದಳು. "ಬೆರಳು ಉಳೀತಿತ್ತು."

ಅವನು ತಮ್ಮ ಬಿಚ್ಚಿ ಕೊಟ್ಟಿದ್ದ ಕೈಗವಸನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ.

ದೊಡ್ಡಮ್ಮನೂ ಡ್ರೈವರನೂ ಹೆಣವನ್ನು ಮನೆಯ ಹಿಂಗೋಡೆಯ ಮರೆಗೆ ಸಾಗಿಸಿ ಬಂದರು. ಹಿಮ ಸುರಿಯುತ್ತಲೇ ಇತ್ತು. ಕೆಳಗಿನ ದಾರಿಯ ಗುರುತೂ ಉಳಿದಿರಲಿಲ್ಲ.

ಡ್ರೈವರ್ ತನ್ನ ಕಂಬಳಿಯನ್ನು ದೂರದ ಮೂಲೆಗೆ ಎಳೆದುಕೊಂಡ. "ಇವನ ಜೊತೆ ಇನ್ನೊಂದು ರಾತ್ರಿ ಇರಬೇಕಾ?"

"ಬೇರೆ ಸೂರು ಎಲ್ಲಿದೆ?" ಎಂದಳು ದೊಡ್ಡಮ್ಮ.