ಖಾತೆ ಸಮೇತ ಬಂದ ಕರೆ

ಮಂಗಳವಾರ ಬೆಳಿಗ್ಗೆ ಪ್ರಧಾನಿ ಕಚೇರಿಯ ಭದ್ರತಾಧಿಕಾರಿ ಠಾಣೆಗೆ ಬಂದು ದೂರು ಕೊಟ್ಟರು. ತಮ್ಮ ಕಚೇರಿಯ ಹೆಸರಿನಲ್ಲಿ ಒಬ್ಬ ಮಾಜಿ ಸಚಿವರಿಗೆ ಯಾರೋ ಫೋನ್ ಮಾಡಿ, ಹೊಸ ಸಂಪುಟದ ಪ್ರಮಾಣವಚನಕ್ಕೆ ಕರೆದಿದ್ದರು. ಸೋಮವಾರ ಅವರು ಗರಿಗರಿ ಬಟ್ಟೆ ತೊಟ್ಟು ಹೋದರೆ ಪಟ್ಟಿಯಲ್ಲಿ ಹೆಸರಿಲ್ಲ, ಕೂರಲು ಕುರ್ಚಿಯಿಲ್ಲ. ಬಾಗಿಲಲ್ಲಿ ತಬ್ಬಿಬ್ಬಾಗಿ ನಿಂತ ಮುದುಕರನ್ನು ಟಿವಿಯವರು ದಿನವಿಡೀ ತೋರಿಸಿದ್ದರು.

ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿ, ಮೀಸೆಯಪ್ಪನೆಂದೇ ಹೆಸರಾದ ಹೆಡ್ ಕಾನ್‌ಸ್ಟೆಬಲ್ ಜೊತೆ ಮಾಜಿ ಸಚಿವರ ಮನೆಗೆ ಹೋದರು. ಮುದುಕರು ಫೋನಿನ ಪಕ್ಕದಲ್ಲೇ ಕುಳಿತಿದ್ದರು.

"ಫೋನಲ್ಲಿ ಏನಂದ್ರು ಸಾರ್?"

"ನಾಳೆ ಹತ್ತಕ್ಕೆ ಬನ್ನಿ, ರೈಲ್ವೆ ನಿಮಗೇ ಅಂದ್ರು." ಹೇಳುವಾಗ ಅವರ ಮುಖ ಒಂದು ಗಳಿಗೆ ಅರಳಿತು.

ಬಾಗಿಲವರೆಗೆ ಬಿಡಲು ಬಂದವರು ಹಳೆಯ ಆಪ್ತ ಕಾರ್ಯದರ್ಶಿ. ನಿವೃತ್ತರಾದರೂ ದಿನಾ ಬಂದು ಸಾಹೇಬರಿಗೆ ಪೇಪರ್ ಓದಿ ಹೇಳುತ್ತಿದ್ದರು. "ಸಾರ್‌ಗೆ ರೈಲ್ವೆ ಅಂದ್ರೆ ಪ್ರಾಣ. ಯಾವಾಗ್ಲೂ ಸಣ್ಣಪುಟ್ಟ ಖಾತೆ ಕೊಟ್ಟು ಮೂಲೆಗೆ ಕೂರಿಸಿದ್ರು. ಈ ಆಸೆ ನನಗೆ ಬಿಟ್ರೆ ಯಾರಿಗೂ ಹೇಳ್ಕೊಂಡೋರಲ್ಲ," ಎಂದರು.

ಜೀಪು ಹತ್ತಿದ ಇನ್‌ಸ್ಪೆಕ್ಟರ್ ಭದ್ರತಾಧಿಕಾರಿಗೆ ಫೋನ್ ಮಾಡಿದರು. "ಕರೆಯೋವಾಗ ಖಾತೆ ಹೇಳ್ತೀರಾ?"

"ಹೇಳೋದೇ ಇಲ್ಲ. ಬನ್ನಿ ಅಂತೀವಿ, ಅಷ್ಟೆ. ಖಾತೆ ಹಂಚೋದು ಪ್ರಮಾಣವಚನ ಆದ್ಮೇಲೆ."

ಅದು ಮುದುಕರಿಗೂ ತಿಳಿಯದ ವಿಷಯವಲ್ಲ. ಗೊತ್ತಿದ್ದೂ ನಂಬಿದ್ದರು, ಆಸೆ ಅಂಥದ್ದು.

"ಯಾವನೋ ಕಿಡಿಗೇಡಿ ಸಾರ್," ಎಂದ ಮೀಸೆಯಪ್ಪ.

"ಕಿಡಿಗೇಡಿಗೆ ಬನ್ನಿ ಅಂದಿದ್ರೆ ಸಾಕಾಗಿತ್ತು ಕಣಯ್ಯಾ. ಮನಸಲ್ಲಿದ್ದ ಖಾತೆನೇ ಕೊಡೋಕೆ ಪ್ರೀತಿ ಬೇಕು."

ಕರೆ ಹೋದದ್ದು ಒಂದು ಜೆರಾಕ್ಸ್ ಅಂಗಡಿಯ ಫೋನಿನಿಂದ. ಇಬ್ಬರು ಸಾಕ್ಷಿಗಳ ಮುಂದೆ ಪಂಚನಾಮೆ ಬರೆಸುತ್ತಿದ್ದಾಗ ಇನ್‌ಸ್ಪೆಕ್ಟರ್ ತೋರಿಸಿದ ಕಾರ್ಯದರ್ಶಿಯ ಫೋಟೊವನ್ನು ಅಂಗಡಿಯವಳು ಗುರುತಿಸಿದಳು. "ಇವರೇ. ಸ್ಟೂಲ್ ಕೊಟ್ರೂ ಕೂರ್ಲಿಲ್ಲ. ಮುಗಿಯೋವರೆಗೂ ಕೈಕಟ್ಕೊಂಡು ನಿಂತೇ ಮಾತಾಡಿದ್ರು, ಫೋನ್ ಭುಜಕ್ಕೆ ಒತ್ಕೊಂಡು."

ಸಂಜೆ ಠಾಣೆಗೆ ಕರೆಸಿದಾಗ ಕಾರ್ಯದರ್ಶಿ ಏನನ್ನೂ ಮುಚ್ಚಿಡಲಿಲ್ಲ.

"ನಿಮ್ಮ ದನಿ ಗೊತ್ತಾಗ್ಲಿಲ್ವಾ ಅವರಿಗೆ?"

"ಅದು ಕಚೇರಿ ದನಿ ಸಾರ್. ಅವರ ಪರವಾಗಿ ಊರವರಿಗೆಲ್ಲ ಆ ದನೀಲೇ ಮಾತಾಡ್ತಿದ್ದೆ. ಅವರ ಹತ್ರ ಯಾವತ್ತೂ ಹಾಗೆ ಮಾತಾಡಿಲ್ಲ."

"ಯಾಕೆ ಮಾಡಿದ್ರಿ?"

"ಫಲಿತಾಂಶ ಬಂದಾಗಿಂದ ಫೋನ್ ಮುಂದೆ ಕೂತೋರು ಏಳ್ಲಿಲ್ಲ. ಊಟ ಸೇರ್ತಿರ್ಲಿಲ್ಲ. ಒಂದು ದಿನ ನಗಲಿ ಅಂತ ಮಾಡ್ದೆ. ಬೆಳಿಗ್ಗೆ ಹೋಗಿ ಕಾಲು ಹಿಡ್ಕೊಂಡು ನಿಜ ಹೇಳ್ಬೇಕು ಅಂದ್ಕೊಂಡಿದ್ದೆ."

"ಹೇಳ್ಲಿಲ್ಲ ಯಾಕೆ?"

"ಹೋದಾಗ ಆಗ್ಲೇ ರೆಡಿಯಾಗಿದ್ರು. ನನ್ನ ಹೆಗಲ ಮೇಲೆ ಕೈ ಹಾಕಿ, ನಡಿಯೋ, ನೀನಿಲ್ದೆ ನನ್ನ ಕಚೇರಿ ಹೇಗೆ ನಡೆಯುತ್ತೆ ಅಂದ್ರು. ಆ ಮಾತಿಗೆ ಎಷ್ಟು ವರ್ಷ ಕಾದಿದ್ದೆ ಸಾರ್. ಬಾಯಿ ಬರ್ಲಿಲ್ಲ. ಕಾರು ಹತ್ಬಿಟ್ಟೆ."

ಮೀಸೆಯಪ್ಪ ಕಿಟಕಿಯ ಕಡೆ ತಿರುಗಿ ನಿಂತ. ಇನ್‌ಸ್ಪೆಕ್ಟರ್ ಬಂಧನದ ಕಾಗದಕ್ಕೆ ಸಹಿ ಹಾಕಿದರು. ಬಂಧಿಸಿದ ಮೇಲೆ ಆತನ ಕಡೆಯವರಿಗೆ ತಿಳಿಸಬೇಕು, ಅದು ಕಾನೂನು.

"ಯಾರಿಗೆ ಹೇಳ್ಬೇಕು? ಹೆಂಡತಿ, ಮಕ್ಕಳು?"

"ಯಾರಿಲ್ಲ. ಸಾರ್ ಒಬ್ರೇ."

ಇನ್‌ಸ್ಪೆಕ್ಟರ್ ಆ ನಂಬರ್ ಒತ್ತಿದರು. ಒಂದು ರಿಂಗೂ ಪೂರ್ತಿಯಾಗಲಿಲ್ಲ.

"ಹೇಳಿ, ಹೇಳಿ. ಪ್ರಧಾನಿ ಕಚೇರೀನಾ?"

ಇಷ್ಟು ವರ್ಷದ ಕೆಲಸದಲ್ಲಿ ಸಾವಿನ ಸುದ್ದಿಯನ್ನೂ ಮುಟ್ಟಿಸಿದ್ದ ಇನ್‌ಸ್ಪೆಕ್ಟರ್ ಈ ಸಲ ರಿಸೀವರನ್ನು ಕಾರ್ಯದರ್ಶಿಯ ಕೈಗೆ ಕೊಟ್ಟರು. ಅವರು ಕುರ್ಚಿಯಿಂದ ಎದ್ದು ನಿಂತರು.

"ಅಲ್ಲ ಸಾರ್, ನಾನು," ಎಂದರು. "ಮೊನ್ನೇನೂ ನಾನೇ."